ನಮ್ಮ ಮನೆಯಲ್ಲಿ ‘ಆಯ್ತು’ ಅನ್ನುವಂತಿರಲಿಲ್ಲ

ಬೇರೆ ಮನೆಗಳಲ್ಲಿ ಮಕ್ಕಳು ಕೆಟ್ಟ ಮಾತಾಡಿದರೆ ಬೈಸಿಕೊಳ್ಳುತ್ತಾರೆ. ನಾನೂ ನನ್ನ ತಂಗಿಯೂ ‘ಆಯ್ತು’ ಅಂದದ್ದಕ್ಕೆ ಬೈಸಿಕೊಂಡು ಬೆಳೆದವರು. ಅಂಗಡಿಗೆ ಹೋಗಿ ಬಾ ಅಂದರೆ ‘ಸರಿ’ ಅನ್ನಬೇಕು. ದೀಪ ಆರಿಸು ಅಂದರೆ ‘ಹೂಂ’ ಅನ್ನಬೇಕು. ‘ಆಯ್ತು’ ಎಂಬ ಮಾತು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದ ಬಿಳಿ ಡ್ರಮ್ಮಿಗೆ ಮೀಸಲು. ಅದರೊಳಗಿನ ಬಿಯರ್ ಹುದುಗಿ ಮುಗಿದಿದೆಯೇ ಇಲ್ಲವೇ ಎಂದು ನೋಡಿ ಆ ಮಾತು ಹೇಳುವ ಅಧಿಕಾರ ಅಪ್ಪನೊಬ್ಬರಿಗೇ ಇತ್ತು. ಮದುವೆ ಆಗ್ತೀಯಾ ಅಂತ ನನ್ನ ಗಂಡ ಕೇಳಿದಾಗಲೂ ನನ್ನ ಬಾಯಲ್ಲಿ ಬಂದದ್ದು ‘ಸರಿ’. ಆ ಮನುಷ್ಯ ಇವತ್ತಿಗೂ ನಾನು ಅರೆಮನಸ್ಸಿನಿಂದ ಒಪ್ಪಿದೆ ಅಂತಲೇ ತಿಳಿದುಕೊಂಡಿದ್ದಾನೆ.

ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುವವಳು. ದಿನವಿಡೀ ಯೀಸ್ಟಿನ ಜೊತೆ ಏಗಿದ್ದು ಸಾಲದು ಅಂತ ರಜೆಯ ದಿನ ಮನೆಯಲ್ಲೂ ಅದರದೇ ಸಹವಾಸ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿ ರಸ ತೆಗೆಯುತ್ತಿದ್ದಳು. ಅದಕ್ಕೆ ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸಿ, ತಣಿಸಿ, ಡ್ರಮ್ಮಿಗೆ ಸುರಿದು, ಯೀಸ್ಟ್ ಬೆರೆಸಿ ಮುಚ್ಚಳ ಬಿಗಿಯುತ್ತಿದ್ದಳು. ಆಮೇಲಿನದು ಕಾಯುವ ಕೆಲಸ. ನಾವು ಮಕ್ಕಳು ಆಗಿನ್ನೂ ಕುಡಿಯುವ ವಯಸ್ಸಿನವರಲ್ಲ, ಆದರೂ ಕಾಯುವುದರಲ್ಲಿ ನಮಗೂ ಪಾಲಿತ್ತು.

ಮುಚ್ಚಳದ ಮೇಲೆ ಬೆರಳುದ್ದದ ಒಂದು ಡೊಂಕು ಕೊಳವೆ, ಅದರಲ್ಲಿ ಒಂದಿಷ್ಟು ನೀರು. ಒಳಗೆ ಹುಟ್ಟಿದ ಗಾಳಿ ಆ ನೀರನ್ನು ದಾಟಿ ಹೊರಗೆ ಬರುವಾಗ ‘ಗುಳಕ್’ ಅನ್ನುತ್ತಿತ್ತು. ಅಮ್ಮ ಅದಕ್ಕೆ ಬಾಯಿಬಡುಕಿ ಅಂತ ಹೆಸರಿಟ್ಟಿದ್ದಳು. ಮೊದಲ ದಿನಗಳಲ್ಲಿ ಬಾಯಿಬಡುಕಿಗೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ. ಬರಬರುತ್ತ ಮಾತು ಕಡಿಮೆಯಾಗಿ, ಕೊನೆಗೆ ಯಾವಾಗಲೋ ಒಮ್ಮೆ, ನೆನಪಾದವಳ ಹಾಗೆ, ಒಂದು ಗುಳಕ್. ನಾವು ಓದಿದ್ದು, ಜಗಳ ಆಡಿದ್ದು, ಜ್ವರ ಬಂದು ಮಲಗಿದ್ದು ಎಲ್ಲ ಆ ಸದ್ದಿನೊಳಗೇ.

“ಬಾಯಿಬಡುಕಿ ಸುಮ್ಮನಾದ್ಲು ಅಂತ ಕೆಲಸ ಮುಗೀತು ಅಂದ್ಕೋಬೇಡಿ,” ಎಂದು ಅಮ್ಮ ನಮಗೆ ಹೇಳುತ್ತಿದ್ದಳು. “ಚಳಿ ಆದ್ರೂ ಸುಮ್ಮನಾಗ್ತಾಳೆ, ಮುಚ್ಚಳ ಸಡಿಲ ಆದ್ರೂ ಸುಮ್ಮನಾಗ್ತಾಳೆ. ನಿಮ್ಮಪ್ಪ ಸುಮ್ಮನೆ ಕೂತಿದ್ದಾರೆ ಅಂದ್ರೆ ಸಿಟ್ಟು ಇಳಿದಿದೆ ಅಂತಾನಾ? ಹಾಗೇ ಇದೂನೂ.”

ಅಪ್ಪ ತಕ್ಕಡಿ ರಿಪೇರಿ ಮಾಡುವವರು. ಕೆಳಗೆ ಅವರ ಅಂಗಡಿ, ಮೇಲೆ ನಮ್ಮ ಮನೆ. ತೂಕ ಅಳತೆ ಬಿಟ್ಟರೆ ಈ ಲೋಕದಲ್ಲಿ ನಂಬತಕ್ಕದ್ದು ಬೇರೇನೂ ಇಲ್ಲ ಎಂಬುದು ಅವರ ಸಿದ್ಧಾಂತ. ಹಾಗಾಗಿ ಕಡ್ಡಿ ನೋಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಅದೊಂದು ತೇಲುವ ಗಾಜಿನ ಕಡ್ಡಿ, ಬುಡದಲ್ಲಿ ಭಾರ, ಮೈತುಂಬ ಗೆರೆ. ರಸದಲ್ಲಿ ಸಕ್ಕರೆ ಹೆಚ್ಚಿದ್ದರೆ ಎದ್ದು ನಿಲ್ಲುತ್ತದೆ, ಯೀಸ್ಟ್ ಸಕ್ಕರೆಯನ್ನು ತಿಂದಂತೆಲ್ಲ ಮುಳುಗುತ್ತ ಬರುತ್ತದೆ. ಕೆಲವು ದಿನ ಬಿಟ್ಟು ಬಿಟ್ಟು ನೋಡಿದರೂ ಅದೇ ಗೆರೆಯಲ್ಲಿ ನಿಂತಿದ್ದರೆ ತಿನ್ನಲು ಇನ್ನೇನೂ ಉಳಿದಿಲ್ಲವೆಂದು ಅರ್ಥ. ಆಗ ಅಪ್ಪ ಕನ್ನಡಕವನ್ನು ಹಣೆಗೇರಿಸಿ ‘ಆಯ್ತು’ ಅನ್ನುತ್ತಿದ್ದರು. ಅಮ್ಮ ಅಷ್ಟಕ್ಕೇ ಬಿಡುವವಳಲ್ಲ. ಒಂದು ಗುಟುಕನ್ನು ನಾಲಿಗೆಯ ಮೇಲೆ ಆಡಿಸಿ, ಸಿಹಿ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೇ ಬಾಟಲಿಗೆ ಕೈ ಹಾಕುತ್ತಿದ್ದಳು.

ಆ ಮಾತಿಗೆ ನಿಷೇಧ ಬಂದದ್ದು ಒಂದು ನೆಗಡಿಯಿಂದ. ಅವತ್ತು ಅಮ್ಮನ ಮೂಗು ಕಟ್ಟಿತ್ತು, ನಾಲಿಗೆ ರಜೆ ಹಾಕಿತ್ತು. ಬೆಳಿಗ್ಗೆಯಿಂದ ಏನೋ ಮಾತಿಗೆ ಮಾತು ಬೆಳೆದು ಅಪ್ಪ ಅಮ್ಮ ಇಬ್ಬರ ಮುಖವೂ ಊದಿತ್ತು. ಅಮ್ಮ ಮೆಟ್ಟಿಲ ಮೇಲಿಂದಲೇ ಕೂಗಿ ಕೇಳಿದಳು, “ಏನ್ರೀ, ಕಡ್ಡಿ ನೋಡಿದ್ರಾ? ಆಯ್ತಾ?”

ಕೆಳಗೆ ಅಪ್ಪ ಯಾರದೋ ತಕ್ಕಡಿಯ ಹೊಟ್ಟೆ ಬಗೆದುಕೊಂಡು ಕೂತಿದ್ದರು. “ಆಯ್ತು ಬಿಡೇ, ಆಯ್ತು,” ಅಂದರು.

ಅವರು ಹೇಳಿದ್ದು ‘ಆಗಲಿ ಮಹಾತಾಯಿ, ಆಮೇಲೆ ಬಂದು ನೋಡ್ತೀನಿ’ ಅಂತ. ಅಮ್ಮ ಕೇಳಿಸಿಕೊಂಡದ್ದು ‘ಹುದುಗಿ ಮುಗಿದಿದೆ’ ಅಂತ. ಅವಳು ಬಾಟಲಿಗಳಿಗೆ ತುಂಬಿ, ಮುಚ್ಚಳ ಒತ್ತಿ, ಬಚ್ಚಲ ಪಕ್ಕದ ಕಪಾಟಿನಲ್ಲಿ ಸಾಲಾಗಿ ಇಟ್ಟಳು. ಒಳಗೆ ಉಳಿದಿದ್ದ ಸಕ್ಕರೆಯನ್ನು ಯೀಸ್ಟ್ ತಿನ್ನುತ್ತಲೇ ಇತ್ತು, ಗಾಳಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಸ್ವಲ್ಪ ದಿನ ಕಳೆದು ಮನೆಯ ಮಾಲೀಕ ಬಂದು, ನಿಮ್ಮಂಥ ಸದ್ದಿಲ್ಲದ ಬಾಡಿಗೆದಾರರು ಸಿಗುವುದು ಅಪರೂಪ ಎಂದು ಹೊಗಳುತ್ತ ಕೂತಿದ್ದಾಗ ಮೊದಲನೆಯ ಬಾಟಲಿ ಸಿಡಿಯಿತು. ಅದರ ಬೆನ್ನಿಗೇ ಉಳಿದವು. ಮಾಲೀಕ ಮೇಜಿನ ಕೆಳಗೆ ಹೋದವರು ನಮ್ಮ ತಂಗಿ ಕೈ ಹಿಡಿದು ಎಳೆಯುವವರೆಗೂ ಹೊರಗೆ ಬರಲಿಲ್ಲ. ಕಪಾಟಿನಿಂದ ನೊರೆ ಹರಿದು ಬಂದು ಅವರ ಚಪ್ಪಲಿಯನ್ನು ತೇಲಿಸಿಕೊಂಡು ಹೋಯಿತು ಎಂದು ತಂಗಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಸೋಸಿ ಕೇಳಬೇಕು.

“ನೀವು ಆಯ್ತು ಅಂದ್ರಿ,” ಅಂದಳು ಅಮ್ಮ. “ನಾನು ಆಯ್ತು ಅಂದೆ, ಆಯ್ತು ಅನ್ನಲಿಲ್ಲ,” ಅಂದರು ಅಪ್ಪ. ಈ ಜಗಳ ಎಷ್ಟು ದಿನ ನಡೆಯಿತೋ ದೇವರೇ ಬಲ್ಲ. ಕೊನೆಗೆ ಆದ ಒಪ್ಪಂದವೇ ಆ ನಿಷೇಧ.

ಈಗ ಯೋಚಿಸಿದರೆ ಆ ಮನೆಯಲ್ಲಿ ಸುಖವಿತ್ತು. ಆಗ ಅದಕ್ಕೆ ಆ ಹೆಸರಿದೆ ಅಂತ ನಮಗೆ ಗೊತ್ತಿರಲಿಲ್ಲ, ಅಷ್ಟೇ.

ತಂಗಿ ದೊಡ್ಡವಳಾಗಿ ಬೇರೆ ಊರಿನ ಕನ್ನಡಕದ ಅಂಗಡಿ ಸೇರಿದಳು. ನಾನು ಇದೇ ಊರಿನಲ್ಲಿ ಬಸ್ಸುಗಳ ಟಿಕೆಟ್ ತಪಾಸಣೆಯ ಕೆಲಸಕ್ಕೆ ಸೇರಿದೆ. ಸುಳ್ಳು ಹಿಡಿಯುವುದೇ ನನ್ನ ಹೊಟ್ಟೆಪಾಡು. ಅಪ್ಪ ನನ್ನನ್ನು ಇನ್‌ಸ್ಪೆಕ್ಟ್ರಮ್ಮ ಅಂತ ಕರೆಯುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅಮ್ಮ ಡ್ರಮ್ಮಿಗೆ ಯೀಸ್ಟ್ ಬೆರೆಸಿ, ಮುಚ್ಚಳ ಬಿಗಿದು, ಕೈ ತೊಳೆದುಕೊಂಡು ಬೇಕರಿಗೆ ಹೋದಳು. ಅಲ್ಲಿ ಹಿಟ್ಟಿನ ಮೇಜಿನ ಮುಂದೆ ಕುಸಿದು ಬಿದ್ದಳು. ಆಸ್ಪತ್ರೆ ತಲುಪುವುದರೊಳಗೆ ಹೃದಯ ನಿಂತಿತ್ತು.

ಆಮೇಲೆ ಮನೆ ತುಂಬ ಜನ. ಬಂದವರೆಲ್ಲ ದನಿ ತಗ್ಗಿಸಿ ಮಾತಾಡುತ್ತಿದ್ದರು. ಬಾಯಿಬಡುಕಿಗೆ ಮಾತ್ರ ಸಾವು ಬದುಕು ಒಂದೂ ತಿಳಿಯದು. ಯೀಸ್ಟಿಗೆ ಆಗ ಭರ್ತಿ ಹಸಿವು. ಯಾರಾದರೂ ಅಪ್ಪನ ಕೈ ಹಿಡಿದು ಸಮಾಧಾನ ಹೇಳಲು ಬಾಯಿ ತೆರೆದರೆ ಮೂಲೆಯಿಂದ ಗುಳಕ್ ಗುಳಕ್. ಚಿಕ್ಕಮ್ಮನಿಗೆ ಮುಜುಗರ. “ಅದನ್ನ ಎಲ್ಲಾದ್ರೂ ಹೊರಗಿಡಿ, ಬಂದೋರು ಏನಂದ್ಕೋತಾರೆ,” ಅಂದಳು.

“ಅದು ಅವಳ ಕೆಲಸ. ಯಾರೂ ಮುಟ್ಟಬೇಡಿ,” ಅಂದರು ಅಪ್ಪ. ಅಲ್ಲಿಯವರೆಗೆ ಬರದೇ ಇದ್ದ ಅಳು ನನಗೆ ಬಂದದ್ದು ಆಗ.

ಅದು ಅಮ್ಮನ ಕೈಯ ಕೊನೆಯ ಬಿಯರ್. ಬೇಗ ತುಂಬಿದರೆ ಬಾಟಲಿ ಸಿಡಿದು ಎಲ್ಲ ಬಚ್ಚಲ ಪಾಲು. ತೀರಾ ತಡ ಮಾಡಿದರೆ, ಪದೇ ಪದೇ ಮುಚ್ಚಳ ತೆಗೆದರೆ, ಕೆಟ್ಟು ಹುಳಿಯಾಗುತ್ತದೆ. ಹೋಗಲಿ ಬಿಡಿ, ಇನ್ನೊಂದು ಮಾಡ್ತೀನಿ ಅನ್ನಲು ಅವಳಿಲ್ಲ. ತಂಗಿಯೂ ನಾನೂ ಮಾತಾಡಿಕೊಂಡೆವು. ಅಪ್ಪ ಸರಿಯಾಗಿ ಕಡ್ಡಿ ನೋಡಿ ಹೇಳಲಿ, ಹೇಳಿದ ವಾರವೇ ತಂಗಿ ಬರುತ್ತಾಳೆ, ಮೂವರೂ ಸೇರಿ ತುಂಬೋಣ. ಅವಳು ತನ್ನ ಮನೆಯಲ್ಲಿ ಆಗಲೇ ಖಾಲಿ ಬಾಟಲಿಗಳನ್ನು ಜೋಡಿಸತೊಡಗಿದಳು, ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ.

ನಾನು ಕೆಲಸ ಮುಗಿಸಿ ಸಂಜೆ ಅಪ್ಪನ ಮನೆಗೆ ಹೋಗುತ್ತಿದ್ದೆ. ಅಪ್ಪ ಡ್ರಮ್ಮಿಗೆ ಅಮ್ಮನ ಹಳೆಯ ಶಾಲು ಸುತ್ತಿದ್ದರು. “ಚಳಿಗೆ ಯೀಸ್ಟ್ ಮಲಗಿಬಿಡುತ್ತೆ,” ಅಂದರು. ಕಡ್ಡಿ ಏನನ್ನುತ್ತೆ ಅಂತ ಕೇಳಿದರೆ, “ಇಳೀತಿದೆ, ಇನ್ನೂ ಇಳೀತಿದೆ.” ಮುಂದಿನ ವಾರವೂ ಇಳೀತಿದೆ. ಅದರ ಮುಂದಿನ ವಾರವೂ. ಅಮ್ಮ ಇದ್ದಾಗ ಇಷ್ಟು ಹೊತ್ತಿಗೆ ತುಂಬಿ, ಕುಡಿದು, ಬಾಟಲಿ ತೊಳೆದಿಟ್ಟಿರುತ್ತಿದ್ದಳು. ತಂಗಿ ಫೋನಿನಲ್ಲಿ, “ಅಕ್ಕಾ, ಅದೇನು ಪಾತಾಳಕ್ಕೆ ಇಳೀತಿದೆಯಾ?” ಅಂದಳು.

“ಬೇಯೋ ತನಕ ಇದ್ದೋರು ಆರೋ ತನಕ ಇರಬೇಕಮ್ಮ,” ಅಂತ ಅಪ್ಪ ನಮಗೇ ಬುದ್ಧಿ ಹೇಳಿದರು. ನಾವೂ ಸುಮ್ಮನಾದೆವು. ಆ ದಿನಗಳಲ್ಲಿ ಅಪ್ಪ ಏನು ಹೇಳಿದರೂ ಎಲ್ಲರೂ ಹೂಂಗುಟ್ಟುತ್ತಿದ್ದೆವು. ಅವರಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಸಕ್ಕರೆ ಡಬ್ಬದ ಮೇಲೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಚಹಾ ಕೂಡ ಸಪ್ಪೆ. ಅಂಥ ಮನೆಯಲ್ಲಿ ನಾನು ತುಂಬಿಸಿಟ್ಟ ಡಬ್ಬದ ತಳ ಕಾಣುತ್ತಿತ್ತು. ದುಃಖದಲ್ಲಿ ಮುದುಕರು ಕದ್ದು ಸಿಹಿ ತಿನ್ನುತ್ತಾರೆಂದು ಎಲ್ಲೋ ಕೇಳಿದ್ದೆ.

“ಅಪ್ಪಾ, ಸಕ್ಕರೆ ತಿಂತಿದ್ದೀರಾ?”

“ನಾನಾ? ಒಂದು ಕಾಳೂ ಮುಟ್ಟಿಲ್ಲ,” ಅಂದವರು ಕೈಯಿಂದ ಮೀಸೆ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿತ್ತು. ಅವರನ್ನು ರಕ್ತಪರೀಕ್ಷೆಗೆ ಎಳೆದುಕೊಂಡು ಹೋದೆ. ಫಲಿತಾಂಶ ನನ್ನದಕ್ಕಿಂತ ಚೆನ್ನಾಗಿತ್ತು.

ಮುಂದಿನ ಶನಿವಾರ ಅಪ್ಪ ಅಂಗಡಿಯಲ್ಲಿದ್ದಾಗ ನಾನೇ ಕಡ್ಡಿ ಬಿಟ್ಟು ನೋಡಿದೆ. ಹಿಂದಿನ ಶನಿವಾರ ಅಪ್ಪ ನನ್ನೆದುರೇ ನೋಡಿದ್ದ ಗೆರೆ ನೆನಪಿತ್ತು. ಕಡ್ಡಿ ಅದಕ್ಕಿಂತ ಮೇಲೆ ನಿಂತಿತ್ತು. ಒರೆಸಿ ಮತ್ತೆ ಬಿಟ್ಟೆ, ಮತ್ತೂ ಅಲ್ಲೇ. ಮುಳುಗಬಹುದು, ನಿಂತಲ್ಲೇ ನಿಲ್ಲಬಹುದು, ಆದರೆ ಒಮ್ಮೆ ಇಳಿದ ಕಡ್ಡಿ ತಾನಾಗಿ ಏರುವುದಿಲ್ಲ. ಇಳಿದುಹೋದ ಪ್ರಯಾಣಿಕ ಮುಂದಿನ ನಿಲ್ದಾಣದಲ್ಲಿ ಮತ್ತೆ ಅದೇ ಸೀಟಿನಲ್ಲಿ ಕೂತಿದ್ದಾನೆ ಅಂದರೆ, ನಡುವೆ ಅವನನ್ನು ಯಾರೋ ಹತ್ತಿಸಿಕೊಂಡಿದ್ದಾರೆ ಅಂತಲೇ ಲೆಕ್ಕ.

ಆದರೂ ಬಾಯಿ ಬಿಡಲಿಲ್ಲ. ಕಣ್ಣಾರೆ ಕಾಣದೆ ದಂಡ ಹಾಕುವುದು ನನ್ನ ಅಭ್ಯಾಸವಲ್ಲ.

ಎರಡು ದಿನ ಕಳೆದು ಅಪ್ಪನ ಬೀದಿಯ ತುದಿಯಲ್ಲೇ ಬಸ್ಸೊಂದು ಕೆಟ್ಟು ನಿಂತಿತು. ಇನ್ನೊಂದು ಬರಲು ಹೊತ್ತಿತ್ತು. ನಾನು ಸಮವಸ್ತ್ರದಲ್ಲೇ ಮನೆ ಕಡೆ ನಡೆದೆ. ಅಂಗಡಿಗೆ ‘ಈಗ ಬರುತ್ತೇನೆ’ ಎಂಬ ಹಲಗೆ ನೇತುಹಾಕಿತ್ತು. ಮೇಲೆ ಹೋದರೆ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅಪ್ಪ ಸಣ್ಣ ಪಾತ್ರೆಯಲ್ಲಿ ಸಕ್ಕರೆ ನೀರು ಕುದಿಸಿ, ಅದನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಆರಿಸುತ್ತಿದ್ದರು. ಬೆರಳು ಅದ್ದಿ ಬಿಸಿ ನೋಡಿದರು, ಮಗುವಿಗೆ ಹಾಲು ಕೊಡುವ ಮುಂಚೆ ನೋಡುವಂತೆ. ಆಮೇಲೆ ಶಾಲು ಸರಿಸಿ, ಮುಚ್ಚಳ ಎತ್ತಿ, ಮೆಲ್ಲಗೆ ಒಳಗೆ ಸುರಿದರು.

“ಏನಪ್ಪಾ ಇದು,” ಅಂದೆ.

ಅವರು ತಿರುಗಲಿಲ್ಲ. ಮುಚ್ಚಳ ಬಿಗಿದರು, ಶಾಲು ಸರಿಯಾಗಿ ಹೊದಿಸಿದರು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತರು.

“ಕಡ್ಡಿ ನಿಂತು ಎಷ್ಟೋ ದಿನ ಆಗಿತ್ತು,” ಅಂದರು. “ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡ್ತೀನಿ, ಮನೇಲಿ ಸದ್ದೇ ಇಲ್ಲ. ಆ ಮಾತು ಹೇಳೋಣ ಅಂತ ಬಾಯಿ ತೆಗೆದೆ. ಹೇಳಕ್ಕಾಗಲಿಲ್ಲ.”

‘ಆಯ್ತು’ ಅಂದರೆ ಮುಗಿಯಿತು ಅಂತಲೂ ಹೌದು, ಒಪ್ಪಿದೆ ಅಂತಲೂ ಹೌದು. ಅಪ್ಪ ಎರಡಕ್ಕೂ ಸಿದ್ಧರಿರಲಿಲ್ಲ.

“ಅದಕ್ಕೆ ಸಕ್ಕರೆ ಹಾಕ್ತಾ ಇದ್ದೀರಾ?”

“ಅವಳು ಕೈಯಾರೆ ಬಿಟ್ಟಿದ್ದು. ಜೀವ ಇರೋ ವಸ್ತು. ನನ್ನ ಕಣ್ಮುಂದೆ ಉಪವಾಸ ಕೆಡವಲಾ?”

ನನಗೆ ಮರುಕ ಬರಬೇಕಿತ್ತು. ಬಂದದ್ದು ಕೆಂಡದಂಥ ಸಿಟ್ಟು. ಅಮ್ಮನ ಕೊನೆಯ ಬಿಯರನ್ನು ಈ ಮನುಷ್ಯ ಚಮಚ ಚಮಚವಾಗಿ ಹಾಳುಮಾಡಿದ್ದರು. ಬಾಯಿ ತೆರೆದೆ. ‘ಅಪ್ಪಾ’ ಅನ್ನಬೇಕಾದ ಕಡೆ ಅಮ್ಮನ ಮಾತು ಬಂದುಬಿಟ್ಟಿತು.

“ಏನ್ರೀ, ತಲೇಲಿ ಏನಾದ್ರೂ ಇದೆಯಾ ನಿಮಗೆ? ಹಾಕಿದಷ್ಟೂ ಅದು ತಿನ್ನುತ್ತೆ, ತಿಂದಷ್ಟೂ ಅಮಲು ಏರುತ್ತೆ, ಕೊನೆಗೆ ತಾನೇ ಮಾಡಿದ ಅಮಲಲ್ಲಿ ತಾನೇ ಸಾಯುತ್ತೆ. ಇದೇನು ಸಾಕೋ ರೀತಿನಾ? ಜನ್ಮ ಪೂರ್ತಿ ತೂಕ ಅಳತೆ ಅಂತ ಕೊಚ್ಕೊಂಡ್ರಲ್ಲ, ಎಲ್ಲಿ ಹೋಯ್ತು ಅದೆಲ್ಲ? ಕಡ್ಡಿ ನೋಡಿ ಸುಳ್ಳು ಹೇಳಕ್ಕೆ ನಾಚಿಕೆ ಆಗಲ್ವಾ?”

ಅಪ್ಪ ತಲೆ ಎತ್ತಿ ನನ್ನನ್ನೇ ನೋಡಿದರು. ಆ ‘ಏನ್ರೀ’ ನನಗೂ ಆಗಲೇ ಕೇಳಿಸಿದ್ದು. ನಾಲಿಗೆ ಕಚ್ಚಿಕೊಂಡೆ. ಅವರ ಕಣ್ಣು ತುಂಬಿತ್ತು, ಆದರೆ ಮುಖ ಎಷ್ಟೋ ದಿನಗಳಿಂದ ಇಲ್ಲದಷ್ಟು ಹಗುರವಾಗಿತ್ತು.

“ಅವಳು ಹೋದಾಗಿಂದ ನನ್ನನ್ನ ಒಬ್ರೂ ಬೈದಿಲ್ಲ ಕಣೇ,” ಅಂದರು. “ಎಲ್ಲರೂ ಪಾಪ ಅಂತಾರೆ. ಪಾಪ ಅನ್ನಿಸ್ಕೊಂಡೂ ಅನ್ನಿಸ್ಕೊಂಡೂ ಸಾಕಾಗಿಹೋಗಿದೆ.”

ಸಕ್ಕರೆ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬಾಗಿಲ ಬಳಿ, “ಕಡ್ಡಿ ನೋಡ್ತಾ ಇರಿ, ನಿಜ ಹೇಳಿ,” ಅಂದೆ. “ಹೂಂ,” ಅಂದರು.

ಹಾಕಿದ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುವವರೆಗೆ ಕಾಯಲೇಬೇಕಿತ್ತು. ಬಾಯಿಬಡುಕಿ ಇನ್ನೂ ಸ್ವಲ್ಪ ದಿನ ಮಾತಾಡಿತು, ಆಮೇಲೆ ತಡವರಿಸಿತು. ಒಂದು ದಿನ ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬ ಯುವಕನ ಟಿಕೆಟ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಅಪ್ಪನ ಫೋನ್ ಬಂತು. “ಆಯ್ತು,” ಅಂದರು. ಅಷ್ಟೇ ಅಂದು ಇಟ್ಟುಬಿಟ್ಟರು. ಆ ಯುವಕನ ಟಿಕೆಟ್ ಹಿಂದಿನ ನಿಲ್ದಾಣಕ್ಕೇ ಮುಗಿದಿತ್ತು. ನಾನು ದಂಡ ಹಾಕದೆ ವಾಪಸು ಕೊಟ್ಟು ಬಸ್ಸಿಳಿದೆ.

ಭಾನುವಾರ ತಂಗಿ ಬಾಟಲಿಗಳ ಪೆಟ್ಟಿಗೆಯೊಂದಿಗೆ ಬಂದಳು. ಮೂವರೂ ಅಡುಗೆಮನೆಯಲ್ಲಿ ಕೂತು ತೊಳೆದೆವು, ಕೊಳವೆ ಜೋಡಿಸಿದೆವು, ತುಂಬಿದೆವು, ಅಪ್ಪ ಮುಚ್ಚಳ ಒತ್ತಿದರು. ಕೊನೆಗೆ ಮೂರು ಲೋಟಗಳಲ್ಲಿ ಒಂದೊಂದು ಗುಟುಕು ಹಾಕಿಕೊಂಡೆವು. ಅಮ್ಮನ ಬಿಯರಿಗೆ ಬ್ರೆಡ್ಡಿನ ಕಂದು ಅಂಚಿನ ರುಚಿ ಇರುತ್ತಿತ್ತು. ಇದು ನೀರಿನಷ್ಟು ತೆಳ್ಳಗೆ, ಗಂಟಲು ಸುಡುವಷ್ಟು ಖಡಕ್ಕು, ಹಿಂದೆಯೇ ಒಂದು ಹುಳಿ. ತಂಗಿ ನನ್ನ ಮುಖ ನೋಡಿದಳು. ಸುಳ್ಳು ಹೇಳಲು ಇಬ್ಬರಿಗೂ ಮನಸ್ಸಾಗಲಿಲ್ಲ.

“ಇದು ಅವಳದಲ್ಲ,” ಅಂದರು ಅಪ್ಪ ತಾವಾಗಿಯೇ. “ನಾನು ಕೆಡಿಸಿದೆ.”

ಯಾರೂ ಪಾಪ ಅನ್ನಲಿಲ್ಲ. ಅಪ್ಪ ಎದ್ದು ಡ್ರಮ್ಮನ್ನು ವಾಲಿಸಿ, ತಳದ ಗಸಿಯನ್ನು ಚೆಲ್ಲಲು ಬಚ್ಚಲ ಕಡೆ ಎಳೆದರು. ತಂಗಿ ಓಡಿಹೋಗಿ ತಡೆದಳು.

“ಅಪ್ಪಾ, ಚೆಲ್ಲಬೇಡಿ. ಯೀಸ್ಟ್ ಪೂರ್ತಿ ಅದರಲ್ಲೇ ಕೂತಿರೋದು. ಬೇಕರೀಲಿ ಅಮ್ಮ ಇವತ್ತಿನ ಹಿಟ್ಟಲ್ಲಿ ಒಂದು ಮುದ್ದೆ ನಾಳೆಗೆ ಅಂತ ಎತ್ತಿಡ್ತಿದ್ಲಲ್ಲ, ಹಾಗೆ. ಎಲ್ಲಾ ಸತ್ತಿರಲ್ಲ. ಹೊಸ ರಸಕ್ಕೆ ಹಾಕಿದ್ರೆ ಮತ್ತೆ ಏಳುತ್ತೆ.”

“ಅವಳು ಹಾಕಿದ್ದೇನಾ?”

“ಅವಳು ಹಾಕಿದ್ದರ ಮಕ್ಕಳು ಮೊಮ್ಮಕ್ಕಳು ಅಂದ್ಕೊಳ್ಳಿ. ಡ್ರಮ್ಮಲ್ಲೇ ಬಿಟ್ಟು ಸಕ್ಕರೆ ಹಾಕ್ತಾ ಕೂತಿದ್ರೆ ಒಂದೂ ಉಳೀತಿರಲಿಲ್ಲ.”

ಅಪ್ಪ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಒಂದು ಗಾಜಿನ ಜಾಡಿ ಹುಡುಕಿ, ಬಿಸಿನೀರಲ್ಲಿ ತೊಳೆದು, ಬಿಳಿಯ ಕೆಸರಿನಂತಿದ್ದ ಆ ಗಸಿಯನ್ನು ಸೌಟಿನಲ್ಲಿ ತುಂಬಿದರು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಜಾಗ ಮಾಡಿದರು.

“ಎಷ್ಟು ದಿನ ತಡೆಯುತ್ತೆ?” ಅಂದರು.

“ಕೆಲವು ವಾರ. ಅಷ್ಟರೊಳಗೆ ಇನ್ನೊಂದು ರಸ ಕುದಿಸಬೇಕು,” ಅಂದಳು ತಂಗಿ.

“ಸರಿ, ಕುದಿಸೋಣ. ಮಾಲ್ಟ್ ಎಲ್ಲಿಂದ ತರ್ತಿದ್ಲು?”

ತಂಗಿ ನನ್ನನ್ನು ನೋಡಿದಳು, ನಾನು ಅಪ್ಪನನ್ನು ನೋಡಿದೆ. ಇಷ್ಟು ವರ್ಷ ಆ ಸದ್ದು ಕೇಳಿ ಬೆಳೆದವರು ನಾವು, ಆ ಬಿಯರ್ ಕುಡಿದವರು ಅಪ್ಪ. ಚೀಲ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದ ಅಮ್ಮನನ್ನು ಎಲ್ಲಿಂದ ತರುತ್ತೀಯ ಎಂದು ನಮ್ಮಲ್ಲಿ ಒಬ್ಬರೂ ಒಂದು ದಿನವೂ ಕೇಳಿರಲಿಲ್ಲ. ಆ ಕ್ಷಣದಲ್ಲಿ ಅವಳು ಇಲ್ಲ ಎನ್ನುವುದು ನನಗೆ ಪೂರ್ತಿಯಾಗಿ ತಿಳಿಯಿತು.

“ಬೇಕರಿಯಲ್ಲಿ ಗೊತ್ತಿರಬಹುದು,” ಅಂದೆ. ಅಮ್ಮ ಕುಸಿದು ಬಿದ್ದ ದಿನದಿಂದ ಅಪ್ಪ ಬೇಕರಿಯ ಬೀದಿಯನ್ನು ಬಿಟ್ಟು ಸುತ್ತುಬಳಸಿ ಓಡಾಡುತ್ತಿದ್ದರು.

ಮಾರನೆಯ ಬೆಳಿಗ್ಗೆ ತಂಗಿಯನ್ನು ಬಸ್ಸು ಹತ್ತಿಸಿ ಬರುತ್ತಿದ್ದಾಗ ಅಪ್ಪ ಕಂಡರು. ಒಗೆದ ಅಂಗಿ ಹಾಕಿಕೊಂಡು, ಖಾಲಿ ಚೀಲ ಹಿಡಿದು, ಬೇಕರಿಯ ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದರು. ನಾನು ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ರಸ್ತೆ ದಾಟಿ, ಅವಳು ಕೆಲಸಕ್ಕೆ ಹೋಗುತ್ತಿದ್ದ ಪಕ್ಕದ ಬಾಗಿಲಿನಿಂದ ಒಳಗೆ ಹೋದರು.